ಇಳೀದೆ ಸುತ್ತಿದ ಬೋರೇಶ

ಕೇಳೋದಾದ್ರೆ ಪೂರ್ತಿ ಕೇಳಿ. ಅರ್ಧಕ್ಕೆ ನಕ್ಕು ಎದ್ದು ಹೋಗೋರಿಗೆ ನಾನು ಕತೆ ಹೇಳಲ್ಲ. ಈ ಬೋರೇಶನ ಕತೆ ಅರ್ಧ ಕೇಳಿದೋರೆಲ್ಲ ನಕ್ಕಿದಾರೆ, ಪೂರ್ತಿ ಕೇಳಿದೋರು ಸುಮ್ಮನೆ ಎದ್ದು ಮನೆಗೆ ಹೋಗಿದಾರೆ. ನಿಮ್ಮಿಷ್ಟ.

ನಮ್ಮ ಗಾಣಿಗರ ಬೀದೀಲಿ ನರಸಮ್ಮ ಅಂತ ಒಬ್ಬಳಿದ್ಲು. ಗಂಡ ತೀರ್ಕೊಂಡಿದ್ದ. ಸೀರೆಗೆ ಫಾಲ್ಸ್ ಹಾಕಿ ಜೀವನ ಮಾಡ್ತಿದ್ಲು. ಇದ್ದೋನು ಒಬ್ಬನೇ ಮಗ, ಬೋರೇಶ. ಆಳು ನೋಡಿದ್ರೆ ಬಾಗಿಲಿನಷ್ಟು ಎತ್ತರ, ಮೀಸೆ ಬಂದು ಎಷ್ಟೋ ಕಾಲ ಆಗಿತ್ತು. ಆದ್ರೆ ಹೇಳಿದ್ದನ್ನ ಹೇಳಿದ ಹಾಗೇ ಮಾಡೋದು ಬಿಟ್ರೆ ಬೇರೆ ಏನೂ ಬರ್ತಿರಲಿಲ್ಲ. ಹಾಲು ಉಕ್ಕಿದಾಗ ಕರಿಯೋ ಅಂದ್ರೆ, ಉಕ್ಕೋವರೆಗೂ ಬಾಯಿ ಮುಚ್ಕೊಂಡು ನಿಂತಿದ್ದು, ಉಕ್ಕಿ ಒಲೆ ಆರಿದ ಮೇಲೆ, ಅಮ್ಮಾ ಉಕ್ತು ಅನ್ನೋನು. ನರಸಮ್ಮ ಹಣೆ ಚಚ್ಕೊಳ್ಳೋಳು. ಬೈಯೋಳು. ಬೈದು, ಇನ್ಮೇಲೆ ಹೀಗೆ ಮಾಡು ಅಂತ ಬುದ್ಧಿ ಹೇಳೋಳು. ಅವನು ಆ ಬುದ್ಧೀನ ಜೋಪಾನವಾಗಿ ಇಟ್ಕೊಂಡು, ಮಾರನೇ ದಿನ ಬೇಡದ ಜಾಗಕ್ಕೆ ತಗೊಂಡು ಹೋಗಿ ಹಾಕೋನು.

ನರಸಮ್ಮನಿಗೆ ಎದೆ ಕಾಯಿಲೆ. ಡಾಕ್ಟರು ಮುಖ ನೋಡದೇನೇ, ಹುಷಾರಾಗಿರಮ್ಮ ಅಂದಿದ್ರು. ಅವಳಿಗೆ ಸಾಯೋ ಭಯ ಇರಲಿಲ್ಲ. ನಾನು ಹೋದ್ಮೇಲೆ ಇವನಿಗೆ ಯಾರು ಅನ್ನೋದೊಂದೇ ಕೊರಗು. ಕೂರೋಕೆ ಒಂದು ಜಾಗ, ಬೈಯೋಕೆ ಒಬ್ಬರು ದೊಡ್ಡೋರು, ಇಷ್ಟು ಸಿಕ್ಕಿಬಿಟ್ರೆ ಸಾಕು ಕಣಮ್ಮ ಅಂತ ಸೂಜಿಗೆ ದಾರ ಪೋಣಿಸ್ತಾ ನನ್ನ ಹತ್ರಾನೇ ಎಷ್ಟು ಸಲ ಅಂದಿದಾಳೋ.

ಅಷ್ಟರಲ್ಲಿ ಬೀದಿ ಕೊನೇಲಿ ಮುದ್ದಯ್ಯ ಅಂತ ಒಬ್ಬರು ಬಂದು ಅಂಗಡಿ ತೆಗೆದ್ರು. ಕೊಡಗಿನೋರು. ವಾಯುಪಡೆಯಲ್ಲಿ ಜೆಟ್ಟುಗಳ ಹೊಟ್ಟೆ ಕೆಳಗೆ ಮಲಗಿ ನಟ್ಟು ಬಿಗಿದು ರಿಟೈರಾದೋರು. ಆಯಸ್ಸೆಲ್ಲ ಬೇರೆಯೋರ ಜೆಟ್ಟು ರಿಪೇರಿ ಮಾಡಿದ್ರು, ಒಂದು ದಿನಾನೂ ಹಾರಿಸಲಿಲ್ಲ. ಆ ಆಸೆಗೆ ಇರೋ ದುಡ್ಡೆಲ್ಲ ಹಾಕಿ ಯುದ್ಧವಿಮಾನ ಹಾರಿಸೋ ಕಂಪ್ಯೂಟರ್ ಆಟದ ಅಂಗಡಿ ಮಾಡಿದ್ರು. ಎರಡು ಕುರ್ಚಿ, ಕುರ್ಚಿಗೆ ಬೆಲ್ಟು, ಮುಂದೆ ಸ್ಟಿಕ್ಕು, ಕಾಲಿಗೆ ಪೆಡಲ್ಲು, ಗೋಡೆ ತುಂಬಾ ಪರದೆ. ಕೂತ್ರೆ ನಿಜವಾದ ಜೆಟ್ಟೇ. ಆದ್ರೆ ಯುದ್ಧದ ಜೆಟ್ಟು ಜೋಡಿಯಾಗಿ ಹೋಗ್ಬೇಕಂತೆ, ಮುಂದೊಬ್ಬ ಲೀಡರು, ಪಕ್ಕದಲ್ಲಿ ಸ್ವಲ್ಪ ಹಿಂದೆ ಒಬ್ಬ ಜೊತೆಗಾರ. ಗಿರಾಕಿ ಒಬ್ಬನೇ ಬಂದ್ರೆ ಎರಡನೇ ಕುರ್ಚೀಲಿ ಕೂರೋಕೆ ಒಬ್ಬ ಆಳು ಬೇಕಿತ್ತು. ನರಸಮ್ಮ ಹೋಗಿ ಕೈ ಮುಗಿದ್ಲು. ಹೇಳಿದ್ದನ್ನ ತಪ್ಪದೇ ಮಾಡ್ತಾನೆ ಸಾರ್ ಅಂದ್ಲು. ಅಂಥೋನೇ ಬೇಕು ನನಗೆ ಅಂದ್ರು ಮುದ್ದಯ್ಯ, ಪಾಪ.

ಮೊದಲನೇ ದಿನ ನರಸಮ್ಮ ಮಗನಿಗೆ ತಲೆ ಬಾಚಿ ಕಳಿಸಿದ್ಲು. ದೊಡ್ಡೋರ ಸಾಮಾನು, ಒಂದನ್ನೂ ಮುಟ್ಟಬೇಡ, ಕೈ ಕಟ್ಕೊಂಡು ಕೂತ್ಕೋ ಅಂದ್ಲು. ಬೋರೇಶ ಹೋಗಿ ಬೆಲ್ಟು ಹಾಕಿಸ್ಕೊಂಡು, ಕೈ ಕಟ್ಕೊಂಡು ಕೂತ. ಮುದ್ದಯ್ಯ ಇಂಜಿನ್ ಹಚ್ಚಿಕೊಟ್ರು. ಜೆಟ್ಟು ಗುಡುಗ್ತಾ ರನ್‌ವೇ ಮೇಲೆ ಓಡ್ತು. ಹಿಡಿಯೋ ಸ್ಟಿಕ್ಕು ಅಂದ್ರು ಮುದ್ದಯ್ಯ. ಅವನು ಕೈ ಇನ್ನೂ ಬಿಗಿಯಾಗಿ ಕಟ್ಕೊಂಡ. ಜೆಟ್ಟು ರನ್‌ವೇ ದಾಟ್ತು, ಬೇಲಿ ದಾಟ್ತು, ಹಳ್ಳಕ್ಕೆ ಮೂತಿ ಹಾಕಿ ನಿಂತ್ಕೊಳ್ತು. ಅಮ್ಮ ಮುಟ್ಟಬೇಡ ಅಂದಿದಾಳೆ ಸಾರ್ ಅಂದ. ಮುದ್ದಯ್ಯ ಬೈದ್ರು. ಸ್ಟಿಕ್ಕು ಹಿಡಿದೋನು ಪ್ರಾಣ ಹೋದ್ರೂ ಬಿಡಬಾರದು ಅಂದ್ರು.

ಎರಡನೇ ದಿನ ಹಿಡಿದ. ಮಧ್ಯಾಹ್ನ ಊಟಕ್ಕೆ ಏಳು ಅಂದ್ರೆ ಏಳಲಿಲ್ಲ. ನರಸಮ್ಮ ಬುತ್ತಿ ತಂದು, ಪಕ್ಕದಲ್ಲಿ ನಿಂತು, ಮುದ್ದೆ ಮುರಿದು ಬಾಯಿಗಿಡಬೇಕಾಯ್ತು. ಮೀಸೆ ಹೊತ್ತ ಮಗನಿಗೆ ತಾಯಿ ತುತ್ತು ಕೊಡೋದು ನೋಡಿ ಗಿರಾಕಿಗಳು ಮುಸಿಮುಸಿ ನಕ್ರು. ಸಾಯಂಕಾಲ ಶತ್ರುವಿನ ಮಿಸೈಲು ಬಂದು ಅವನ ಜೆಟ್ಟಿಗೆ ಬಡೀತು. ರೆಕ್ಕೆಗೆ ಬೆಂಕಿ. ಹಳದಿ ಹಿಡಿ ಎಳಿ, ಪ್ಯಾರಾಚೂಟಲ್ಲಿ ಹಾರ್ಕೋ ಅಂತ ಮುದ್ದಯ್ಯ ಗಂಟಲು ಹರ್ಕೊಂಡ್ರು. ಇವನು ಸ್ಟಿಕ್ಕು ತಬ್ಕೊಂಡೇ ನೆಲಕ್ಕೆ ಹೋದ. ಪರದೆ ಕಪ್ಪಾಯ್ತು. ಮುದ್ದಯ್ಯ ಮತ್ತೆ ಬೈದ್ರು. ಹೊಗೆ ಕಂಡ ತಕ್ಷಣ ಎಲ್ಲಾ ಬಿಟ್ಟು ಹೊರಗೆ ಹಾರು ಕಣೋ, ವಿಮಾನ ಹೋದ್ರೆ ಇನ್ನೊಂದು ಬರುತ್ತೆ, ಮನುಷ್ಯ ಹೋದ್ರೆ ಬರಲ್ಲ ಅಂದ್ರು.

ಮಾರನೇ ದಿನ ಬೆಳಗ್ಗೆ ಮನೇಲಿ ನರಸಮ್ಮ ಯಾರದೋ ರೇಷ್ಮೆ ಸೀರೆಗೆ ಇಸ್ತ್ರಿ ಮಾಡ್ತಿದ್ಲು. ಎದೆ ಹಿಡ್ಕೊಂಡಂಗಾಯ್ತು. ಒಂಚೂರು ಇಸ್ತ್ರಿಪೆಟ್ಟಿಗೆ ನೋಡ್ಕೊಳೋ ಅಂತ ಗೋಡೆಗೆ ಒರಗಿದ್ಲು. ಸೀರೆಯಿಂದ ಸಣ್ಣಗೆ ಹೊಗೆ ಎದ್ದಿತು. ಬೋರೇಶ ಹೊಗೆ ಕಂಡ. ಎಲ್ಲಾ ಬಿಟ್ಟ. ಇಸ್ತ್ರಿಪೆಟ್ಟಿಗೆ ಬಿಟ್ಟ, ಸೀರೆ ಬಿಟ್ಟ, ಅಮ್ಮನ್ನೂ ಬಿಟ್ಟ, ಹಾರಿ ಬೀದಿಗೆ ಬಂದು ಮೊಣಕಾಲು ಮಡಚಿ ಕೂತ. ಅವಳೇ ತೆವಳ್ಕೊಂಡು ಹೋಗಿ ಪ್ಲಗ್ಗು ಕಿತ್ಲು. ಸೀರೆ ಸೆರಗು ಕರಕಲಾಗಿತ್ತು. ಬೈಯೋಕೆ ಅವತ್ತು ಅವಳಲ್ಲಿ ಉಸಿರಿರಲಿಲ್ಲ. ಹೊಸ್ತಿಲ ಮೇಲೆ ಕೂತು, "ಜೊತೇಲಿರೋರನ್ನ ಬಿಟ್ಟು ಓಡೋಗ್ತಾರೇನೋ ಮಗನೇ? ಜೊತೆಗಾರರು ಎಲ್ಲಿ ಹೋಗ್ತಾರೋ ಅಲ್ಲಿಗೇ ಹೋಗ್ಬೇಕು" ಅಂದ್ಲು. ಮುದ್ದಯ್ಯನಿಗೆ ವಿಷಯ ಗೊತ್ತಾಗಿ ಅವರೂ ಅದನ್ನೇ ಹೇಳಿದ್ರು. ಲೀಡರ್ ತಿರುಗಿದ್ರೆ ನೀನೂ ತಿರುಗು, ಲೀಡರ್ ಏನ್ ಮಾಡ್ತಾನೋ ಅದನ್ನೇ ಮಾಡು ಅಂದ್ರು.

ಇನ್ನೇನು ಹೇಳ್ಲಿ. ಆವತ್ತು ಲೀಡರ್ ಕುರ್ಚೀಲಿ ಕೂತೋರು ಬ್ಯಾಂಕಿನ ಗುಮಾಸ್ತರು. ಅವರು ಎಡಕ್ಕೆ ತಿರುಗಿದ್ರು, ಇವನೂ ಎಡಕ್ಕೆ. ಅವರು ಕೆಮ್ಮಿದ್ರು, ಇವನೂ ಕೆಮ್ದ. ಅವರು ನಡುವೆ ಎದ್ದು ಹಿತ್ತಿಲ ಕಡೆ ಹೋದ್ರು, ಇವನೂ ಬೆಲ್ಟು ಬಿಚ್ಚಿ ಹಿಂದೇನೇ ಹೋಗಿ ಬಾಗಿಲ ಹತ್ರ ನಿಂತ. ವಾಪಸ್ ಬಂದು ಕೂತ್ಮೇಲೆ ಗುಮಾಸ್ತರ ಕೈ ತಪ್ಪಿ ಜೆಟ್ಟು ಬೆಟ್ಟಕ್ಕೆ ಗುದ್ದಿತು. ಗುದ್ದೋಕೆ ಮುಂಚೆ ಅವರು ಹೆಂಗೋ ಹಳದಿ ಹಿಡಿ ಎಳ್ಕೊಂಡು ಹಾರ್ಕೊಂಡಿದ್ರು, ಅದು ಇವನ ಕಣ್ಣಿಗೆ ಬೀಳಲಿಲ್ಲ. ಬೋರೇಶ ಮಾತ್ರ ಅದೇ ಬೆಟ್ಟಕ್ಕೆ, ಅದೇ ಜಾಗಕ್ಕೆ, ಹೋದೆ ಸಾರ್ ಹೋದೆ ಅಂತ ಹೆಡ್‌ಫೋನಿನಲ್ಲಿ ಕಿರುಚ್ಕೊಂಡು ಹೋಗಿ ಬಡಿದ. ಗುಮಾಸ್ತರ ಕಿವಿ ಗುಂಯ್ ಅಂತು.

ಮುದ್ದಯ್ಯ ಅವನನ್ನ ಕುರ್ಚಿಯಿಂದ ಎಬ್ಬಿಸಿ ಮುಂದೆ ನಿಲ್ಲಿಸ್ಕೊಂಡ್ರು. ಈ ಸಲ ಬೈಗುಳ ಕಮ್ಮಿ, ಪಾಠ ಜಾಸ್ತಿ. ಒಂದೊಂದೇ ಮಾತು ಬಿಡಿಸಿ ಹೇಳಿದ್ರು.

"ನೋಡು ಬೋರೇಶ. ಜೊತೆಗಾರ ಕೆಳಗೆ ಬಿದ್ರೆ ನೀನೂ ಹೋಗಿ ಬೀಳಬೇಡ. ಅವನ ಪಕ್ಕ ಇಳೀಲೂಬೇಡ, ಇಳಿದ್ರೆ ಇಬ್ಬರೂ ಹೋದ ಹಾಗೆ. ಮೇಲೇ ಸುತ್ತುತಾ ಇರು. ಆ ಜಾಗ ಬಿಡಬೇಡ. ಕಿರುಚಬೇಡ, ರೇಡಿಯೋದಲ್ಲಿ ಮೆತ್ತಗೆ, ನಿಧಾನಕ್ಕೆ, ಒಬ್ಬರು ಬಿದ್ದಿದಾರೆ ಅಂತ ಹೇಳ್ತಾ ಇರು. ಸಹಾಯ ಬಂದೇ ಬರುತ್ತೆ."

ಅವನು ಅಷ್ಟನ್ನೂ ಬಾಯಿಪಾಠ ಮಾಡ್ದ. ಬೀದೀಲಿ ನಡೀತಾ ಹೇಳ್ಕೊಂಡ, ನಲ್ಲಿ ಹತ್ರ ಹೇಳ್ಕೊಂಡ, ಉಣ್ತಾ ಹೇಳ್ಕೊಂಡ. ಅಂಗಳದಲ್ಲಿ ಎರಡೂ ಕೈ ರೆಕ್ಕೆ ಹಂಗೆ ಚಾಚ್ಕೊಂಡು ಸುತ್ತಿ ಸುತ್ತಿ ಅಭ್ಯಾಸ ಮಾಡ್ದ. ಬೀದಿಯೋರು ನೋಡಿ ನೋಡಿ ನಕ್ಕು, ಆಮೇಲೆ ನೋಡೋದೂ ಬಿಟ್ರು.

ಆಮೇಲೆ ಒಂದು ದಿನ ಆಗಬಾರದ್ದು ಆಗೋಯ್ತು, ಬೋರೇಶ ಸರಿಯಾಗಿ ಮಾಡಿಬಿಟ್ಟ! ಕಾಲೇಜು ಮೇಷ್ಟ್ರೊಬ್ಬರು ಲೀಡರ್ ಆಗಿದ್ರು. ಅವರ ಜೆಟ್ಟಿಗೆ ಏಟು ಬಿತ್ತು, ಅವರು ಪ್ಯಾರಾಚೂಟಲ್ಲಿ ಕಾಡಿಗಿಳಿದ್ರು. ಬೋರೇಶ ಇಳೀಲಿಲ್ಲ, ಓಡಲಿಲ್ಲ, ಕಿರುಚಲಿಲ್ಲ. ಮೇಲೇ ಸುತ್ತುತಾ, ಒಬ್ಬರು ಬಿದ್ದಿದಾರೆ, ಇಲ್ಲೇ ಇದಾರೆ, ನಾನು ಮೇಲಿದೀನಿ ಅಂತ ಮೆತ್ತಗೆ ಹೇಳ್ತಾನೇ ಇದ್ದ. ಕೊನೆಗೆ ಹೆಲಿಕಾಪ್ಟರ್ ಬಂದು ಹಗ್ಗ ಇಳಿಸಿ ಮೇಷ್ಟ್ರನ್ನ ಎತ್ಕೊಳ್ತು. ಮೇಷ್ಟ್ರು ಎದ್ದು ಬಂದು ಅವನ ಬೆನ್ನು ತಟ್ಟಿದ್ರು. ಮುದ್ದಯ್ಯ ಅಂಗಡಿ ಬಾಗಿಲು ಹಾಕ್ಕೊಂಡು ಸೀದಾ ನರಸಮ್ಮನ ಮನೆಗೇ ಬಂದ್ರು. ನಾನಿರೋವರೆಗೂ ಆ ಎರಡನೇ ಕುರ್ಚಿ ನಿನ್ನ ಮಗಂದೇ ಕಣಮ್ಮ, ಹೆದರ್ಕೋಬೇಡ ಅಂದ್ರು.

ನರಸಮ್ಮ ಸೆರಗಲ್ಲಿ ಬಾಯಿ ಮುಚ್ಕೊಂಡು ಅತ್ಲು. ಅವನು ಹುಟ್ಟಿದಾಗಿಂದ ಅವಳ ಬಾಯಲ್ಲಿ ಬರದೇ ಇದ್ದ ಮಾತು ಆವತ್ತು ಬಂತು. ಅವನ ಕೆನ್ನೆ ಸವರಿ, "ಇದೊಂದು ಸರಿಯಾಗಿ ಮಾಡ್ದೆ ಕಂದ. ಇನ್ಮೇಲೆ ಯಾವಾಗ್ಲೂ ಹಿಂಗೇ ಮಾಡು" ಅಂದ್ಲು.

ಹಂಗಂದಿದ್ದಕ್ಕೆ ಅವಳನ್ನ ಯಾರೂ ಏನೂ ಅನ್ನಬೇಡಿ. ಯಾವ ತಾಯಿಯಾದ್ರೂ ಅದನ್ನೇ ಹೇಳೋಳು.

ಆ ವಾರಾನೇ. ಬೋರೇಶ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದಿದ್ದ. ನರಸಮ್ಮ ಅಂಗಳದಲ್ಲಿ ಒಣಗಿದ ಸೀರೆ ತೆಗೀತಿದ್ದೋಳು ಎದೆ ಹಿಡ್ಕೊಂಡ್ಲು, ಕುಸಿದ್ಲು, ಕಾಂಪೌಂಡ್ ಗೋಡೆ ಮಗ್ಗುಲಿಗೆ ಬಿದ್ಲು. ಬೋರೇಶ ನೋಡ್ದ. ಕೈ ಚಾಚ್ದ. ಸುತ್ತೋಕೆ ಶುರು ಮಾಡ್ದ.

ಬೀದೀಲಿ ಸೊಪ್ಪಿನೋಳು ಹೋದ್ಲು. ಹಾಲಿನೋನು ಹೋದ. ಸ್ಕೂಲು ಬಿಟ್ಟು ಮಕ್ಕಳು ಹೋದ್ವು. ಗೋಡೆ ಮೇಲಿಂದ ಎಲ್ಲರಿಗೂ ಕಂಡಿದ್ದು ಕೈ ಚಾಚ್ಕೊಂಡು ಸುತ್ತೋ ಬೋರೇಶನ ತಲೆ. ಗೋಡೆ ಹಿಂದೆ ಬಿದ್ದೋಳು ಕಾಣಲಿಲ್ಲ. ದಿನಾ ನೋಡಿದ್ದೇ ಅಲ್ವಾ ಅಂತ ಹೋದ್ರು. ನಡುನಡುವೆ ಅವನು ಒಂದು ಕೈ ಮಡಚಿ, ಮುಷ್ಟೀನ ರೇಡಿಯೋ ಹಂಗೆ ಬಾಯಿ ಹತ್ರ ಇಟ್ಕೊಂಡು ಹೇಳ್ತಿದ್ದ ಮಾತು ಆ ಗೋಡೆ ದಾಟೋವಷ್ಟೂ ಜೋರಿರಲಿಲ್ಲ. "ಒಬ್ಬರು ಬಿದ್ದಿದಾರೆ. ಇಲ್ಲೇ ಇದಾರೆ. ನಾನು ಮೇಲಿದೀನಿ."

ಅವಳಿಗೆ ಎಚ್ಚರ ಇತ್ತು. ಬಾರೋ ಇಲ್ಲಿ ಅಂದ್ಲಂತೆ. ಇಳಿಯೋ ಹಂಗಿಲ್ಲಮ್ಮ, ಇಳಿದ್ರೆ ಇಬ್ಬರೂ ಹೋದ ಹಾಗೆ ಅಂದನಂತೆ. ನೀರು ಅಂದ್ಲಂತೆ. ಸಹಾಯ ಬಂದೇ ಬರುತ್ತೆ ಅಂದನಂತೆ. ಆಮೇಲೆ ಅವಳು ಕೇಳೋದು ಬಿಟ್ಟು ಅವನನ್ನೇ ನೋಡ್ತಾ ಮಲಗಿದ್ಲಂತೆ. ಬಿಸಿಲು ಕಣೋ, ಮೆಲ್ಲಗೆ ಸುತ್ತು, ಕಾಲು ನೋಯುತ್ತೆ ಅಂದ್ಲಂತೆ. ಇದೆಲ್ಲ ಅವನೇ ನಮಗೆ ಹೇಳಿದ್ದು. ಒಂದು ಮಾತು ಸೇರಿಸಿ ಹೇಳೋಕೆ ಅವನಿಗೆ ಬರಲ್ಲ, ಒಂದು ಮಾತು ಮುಚ್ಚಿಡೋಕೂ ಬರಲ್ಲ.

ಹೊತ್ತು ಇಳಿದ ಮೇಲೆ, ಸೀರೆ ಇಸ್ಕೊಳ್ಳೋಕೆ ಅಂತ ಕೊನೇ ಮನೆ ಸರೋಜಿನಿ ಗೇಟು ತೆಗೆದ್ಲು. ಅವಳು ಕೂಗಿದ ಕೂಗಿಗೆ ಬೀದಿಗೆ ಬೀದೀನೇ ಬಂತು. ಬೋರೇಶ ಅವಳನ್ನ ನೋಡಿ ಕೈ ಇಳಿಸಿ, ಸಹಾಯ ಬಂತಮ್ಮ ಅಂತ ಹೇಳಿ, ಅಲ್ಲೇ ಕುಕ್ಕರಿಸ್ದ. ಅಂಗಾಲೆಲ್ಲ ಬೊಬ್ಬೆ ಎದ್ದಿತ್ತು. ನರಸಮ್ಮನ್ನ ಆಟೋದಲ್ಲಿ ಹಾಕ್ಕೊಂಡು ಹೋದ್ರು. ಆಸ್ಪತ್ರೇಲಿ ಕೈ ಹಿಡಿದು ನೋಡಿ, ಇನ್ನೊಂದಿಷ್ಟು ಬೇಗ ತರಬೇಕಿತ್ತು ಅಂದ್ರು.

ಮಣ್ಣಿಗೆ ಹೋದ ದಿನ ಬೋರೇಶ ಹೇಳಿದ್ದೆಲ್ಲ ಮಾಡ್ದ. ನೀರು ಹಾಕು ಅಂದ್ರೆ ಹಾಕ್ದ, ಮಣ್ಣು ಹಾಕು ಅಂದ್ರೆ ಹಾಕ್ದ, ಸಾಕು ಅಂದಾಗ ನಿಲ್ಲಿಸ್ದ. ಅಳು ಅಂತ ಯಾರೂ ಹೇಳಿರಲಿಲ್ಲ, ಅಳಲಿಲ್ಲ. ಜನ ಚದುರಿದ ಮೇಲೆ ಮುದ್ದಯ್ಯನ ಮುಂದೆ ಬಂದು, ದಿನಾ ಬೈಸ್ಕೊಳ್ಳೋಕೆ ನಿಲ್ತಿದ್ದ ಹಾಗೇ ತಲೆ ತಗ್ಗಿಸಿ ನಿಂತ.

"ನೀವು ಹೇಳಿದ್ದೆಲ್ಲ ಮಾಡ್ದೆ ಸಾರ್. ಇಳೀಲಿಲ್ಲ, ಕಿರುಚಲಿಲ್ಲ, ಜಾಗ ಬಿಡಲಿಲ್ಲ. ಎಲ್ಲೋ ತಪ್ಪಾಗಿದೆ. ಬೈರಿ ಸಾರ್. ಬೈದು ಹೇಳಿಕೊಡ್ರಿ. ಮುಂದಿನ ಸಲ ಅಮ್ಮ ಬಿದ್ದಾಗ ಸರಿಯಾಗಿ ಮಾಡ್ತೀನಿ."

ಮುದ್ದಯ್ಯ ಬಾಯಿ ತೆಗೆದ್ರು. ಏನು ಹೇಳಿದ್ರೂ ಇವನು ಅದನ್ನ ಹೊತ್ಕೊಂಡು ಹೋಗಿ ಎಲ್ಲಿ ಇಳಿಸ್ತಾನೋ ಅಂತ ಅವರಿಗೆ ಭಯ ಆಗಿರಬೇಕು. ನನ್ನ ಜೊತೆ ಬಾ, ಮನೆಗೆ ಹೋಗೋಣ ಅಂದ್ರು ಅಷ್ಟೇ.

ಮುಂದೆ ಮುದ್ದಯ್ಯ. ಎಡಗಡೆ, ಸ್ವಲ್ಪ ಹಿಂದೆ, ಬೋರೇಶ. ಅವರು ತಿರುಗಿದ ಕಡೆ ತಿರುಗಿದ, ಅವರು ಕಲ್ಲು ದಾಟಿದ ಕಡೆ ದಾಟಿದ. ಸ್ಮಶಾನದ ಗೇಟಿನ ಹತ್ರ ಬಂದಾಗ ಮುದ್ದಯ್ಯನಿಗೆ ತಡೆಯೋಕಾಗಲಿಲ್ಲ. ನಿಂತು, ಮುಂಗೈಯಿಂದ ಕಣ್ಣೊರೆಸ್ಕೊಂಡ್ರು. ಬೋರೇಶನೂ ನಿಂತ. ಮುಂಗೈ ಎತ್ತಿ ಒಣಗಿದ ಕಣ್ಣು ಒರೆಸ್ಕೊಂಡ. ಅವರಿಗೆ ಮತ್ತೆ ನೀರು ಬಂತು, ಮತ್ತೆ ಒರೆಸ್ಕೊಂಡ್ರು. ಅವನೂ ಮತ್ತೆ ಒರೆಸ್ಕೊಂಡ. ಒರೆಸಿ ಒರೆಸಿ ರೆಪ್ಪೆ ಕೆಂಪಾದ್ವು.

"ಸಾರ್," ಅಂದ, ರೇಡಿಯೋದಲ್ಲಿ ಹೇಳೋ ಹಾಗೆ ಮೆತ್ತಗೆ. "ಇನ್ನೂ ಎಷ್ಟು ಹೊತ್ತು ಒರೆಸ್ಕೋಬೇಕು?"

ಮುದ್ದಯ್ಯ ಕಣ್ಣೊರೆಸ್ಕೊಳ್ತಾನೇ ನಡೆದ್ರು. ಅವನೂ ಒರೆಸ್ಕೊಳ್ತಾ ಹಿಂದೆ ಹೋದ.