ತುಂಬಿದ ಕೈ ಮೂಡಿಸಿದ ಗೆರೆ

ಪ್ರಯೋಗಾಲಯದ ಫ್ರಿಜ್ಜಿನಲ್ಲಿ ಒಂದು ಪ್ರತಿಕಾಯವಿತ್ತು. ಪರೀಕ್ಷೆಯ ಹಾಳೆಯ ಮೇಲೆ ಹರಡಿದ ನೂರಾರು ಪ್ರೋಟೀನುಗಳಲ್ಲಿ ತನ್ನದೊಂದನ್ನೇ ಹಿಡಿದು, ಅಲ್ಲೊಂದು ಕಪ್ಪು ಗೆರೆ ಮೂಡಿಸುವುದು ಅದರ ಕೆಲಸ. ಒಂದು ದಿನ ಸಂಶೋಧಕಿ ಸುಗುಣಾ ಅದರ ಜೊತೆಗೆ ಪೆಪ್ಟೈಡನ್ನು ಬೆರೆಸಿದಳು.

"ನಾನು ನಿನ್ನ ಪ್ರೋಟೀನಿನ ತುಣುಕಿನ ನಕಲು. ಎರಡೂ ಕೈಯಲ್ಲಿ ನನ್ನನ್ನೇ ಹಿಡಿದುಕೋ," ಎಂದಿತು ಪೆಪ್ಟೈಡ್.

"ಕೈ ತುಂಬಿದರೆ ಗೆರೆ ಹೇಗೆ ಮೂಡಿಸಲಿ? ಹಾಳೆ ಖಾಲಿ ಉಳಿದರೆ ನನ್ನನ್ನು ಎಸೆದುಬಿಡುತ್ತಾರೆ!"

"ಇವತ್ತು ಅದು ಖಾಲಿ ಉಳಿಯಬೇಕು. ಕೈ ತುಂಬಿರುವಾಗ ಗೆರೆ ಮೂಡದಿದ್ದರೆ ಮಾತ್ರ, ಇಷ್ಟು ದಿನದ ಗೆರೆ ನಿನ್ನ ಪ್ರೋಟೀನಿನದೇ ಎಂದು ನಂಬುತ್ತಾರೆ. ಅದೇ ನಿನ್ನ ಪರೀಕ್ಷೆ."

ಪ್ರತಿಕಾಯಕ್ಕೆ ಜೀವ ಬಾಯಿಗೆ ಬಂತು. ಎರಡೂ ಕೈಯಲ್ಲಿ ಪೆಪ್ಟೈಡ್ ಹಿಡಿದಿದ್ದರೂ, ಹಾಳೆಗೆ ಬಿದ್ದೊಡನೆ ಯಾವುದೋ ಪ್ರೋಟೀನಿಗೆ ತನ್ನ ಬಾಲದಿಂದ ಅಂಟಿಕೊಂಡಿತು. ಎಂದಿನ ಜಾಗದಲ್ಲೇ ಎಂದಿನ ಗೆರೆ ಮೂಡಿತು.

"ನೋಡಿದಿರಾ ಅಮ್ಮಾ, ಇವತ್ತೂ ತಪ್ಪಿಸಲಿಲ್ಲ!" ಎಂದಿತು ಏದುಸಿರು ಬಿಡುತ್ತ.

ಸುಗುಣಾಳ ಮುಖ ಬಿಳಿಚಿತು. "ಹಾಗಾದರೆ ಇಷ್ಟು ದಿನ ನೀನು ಹಿಡಿದು ತೋರಿಸಿದ್ದು ಯಾರನ್ನು?"