ಮೇಣ ಒಡೆಯದ ಬಾಟಲಿ

"ಬುದ್ಧಿ, ಅಕ್ಕ ಮತ್ತೆ ಹೇಳಿ ಕಳಿಸಿದ್ದಾಳೆ. ಕಣ್ಣು ದಿನೇ ದಿನೇ ಮಂಕಾಗುತ್ತಿದೆ, ಒಮ್ಮೆ ಬಂದು ಮುಖ ತೋರಿಸಿ ಹೋಗು ಅಂತ. ಓದು ಮುಗಿಸಿ ಶಾಸ್ತ್ರಿ ಅನ್ನಿಸಿಕೊಂಡೇ ಹೋದರೆ ಅವಳಿಗೆ ಇನ್ನೂ ಸಂತೋಷವಲ್ಲವೇ? ಒಳ್ಳೆಯದನ್ನು ಒಳ್ಳೆಯ ದಿನಕ್ಕೆಂದು ಎತ್ತಿಡುವುದು ತಪ್ಪೇ?" ಎಂದು ಶಿಷ್ಯ ಶಂಭುಲಿಂಗ ಕೇಳಿದ.

ಗುರುಗಳು ಹೇಳಿದರು:

ಹೆಂಡದ ಕತೆಯೊಂದಿದೆ. ಮಠದಲ್ಲಿ ಹೆಂಡದ ಮಾತೇ ಅಂತ ಮೂಗು ಮುರಿಯಬೇಡ. ಅಮೆರಿಕದಲ್ಲಿದ್ದು ಬಂದ ಭಕ್ತರೊಬ್ಬರು ಹೇಳಿದ್ದು. ನಾನಂತೂ ಅದರ ವಾಸನೆಯನ್ನೂ ಕಂಡವನಲ್ಲ.

ಆ ದೇಶದಲ್ಲಿ ರೈ ಎಂಬ ಧಾನ್ಯದಿಂದ ವಿಸ್ಕಿ ಇಳಿಸಿ, ಒಳಮೈ ಸುಟ್ಟ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಅಲ್ಲಿ ಒಬ್ಬ ಭಟ್ಟಿಯವನಿದ್ದ. ಅವನಿಗೊಬ್ಬ ವ್ಯಾಪಾರಿ ಗೆಳೆಯ, ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಭಟ್ಟಿ ನಡೆಯಲಿಲ್ಲ, ಮುಚ್ಚಿತು. ಕೊನೆಯ ಪೀಪಾಯಿಯಿಂದ ಒಂದು ಬಾಟಲಿ ತುಂಬಿ, ಬಾಯಿಗೆ ಕೆಂಪು ಮೇಣ ಹಾಕಿ ಗೆಳೆಯನಿಗೆ ಕೊಟ್ಟ. ನಾವಿಬ್ಬರೂ ಕೂತು ಕುಡಿಯೋಣ ಎಂದ.

ಮುಚ್ಚಿದ ಮೇಲೆ ಆ ವಿಸ್ಕಿಗೆ ಬೆಲೆ ಬಂತು ನೋಡು. ಇದ್ದಾಗ ತಿರುಗಿಯೂ ನೋಡದವರು ಹುಡುಕಿಕೊಂಡು ಬಂದರು. ಅಂಥ ಬಾಟಲಿ ಕೂಡಿಡುವವರಲ್ಲಿ ಒಂದು ರೂಢಿ ಇದೆಯಂತೆ. ಮೇಣ ಒಡೆಯದಿದ್ದರೆ ಮಾತ್ರ ಬಾಟಲಿಗೆ ಮರ್ಯಾದೆ, ಒಡೆದರೆ ಬರೀ ಕುಡಿಯುವ ಪದಾರ್ಥ. ವ್ಯಾಪಾರಿಗೂ ಆ ಹುಚ್ಚು ಹಿಡಿಯಿತು. ಬೇರೆ ಬೇರೆ ಭಟ್ಟಿಗಳ ಎಷ್ಟೋ ಬಾಟಲಿ ತಂದು ಇದರ ಜೊತೆ ಗಾಜಿನ ಬೀರುವಿನಲ್ಲಿಟ್ಟು ಬಂದವರಿಗೆಲ್ಲ ತೋರಿಸಿದ. ಇದನ್ನು ಮಾರಲಿಲ್ಲ, ಅಷ್ಟರ ಮಟ್ಟಿಗೆ ಒಳ್ಳೆಯವನೇ. ಗೆಳೆಯ ಬಂದಾಗಲೆಲ್ಲ ಇವತ್ತು ಬೇಡ, ತಕ್ಕ ದಿನ ಬರಲಿ ಅನ್ನುತ್ತಿದ್ದ. ಗೆಳೆಯ ನಕ್ಕು ಹೊರಡುತ್ತಿದ್ದ.

ಒಂದು ದಿನ ಭಟ್ಟಿಯವನು ನಗದೆ ಬಂದ. "ಗಂಟಲಲ್ಲಿ ಕ್ಯಾನ್ಸರ್ ಹುಣ್ಣಾಗಿದೆ ಕಣೋ. ಚಿಕಿತ್ಸೆ ಆದ ಮೇಲೆ ನಾಲಿಗೆಗೆ ರುಚಿ ಉಳಿಯೋದು ಕಷ್ಟ ಅಂದಿದ್ದಾರೆ. ನನ್ನ ಕೈಯಿಂದ ಇಳಿಸಿದ್ದು ಬೇರೆಲ್ಲೂ ಒಂದು ಹನಿ ಉಳಿದಿಲ್ಲ. ಇವತ್ತು ಒಡೆಯೋಣ."

ವ್ಯಾಪಾರಿ ಬೀರುವಿನ ಕಡೆ ನೋಡಿದ. "ಇಂಥ ದುಃಖದ ದಿನ ಅದನ್ನು ಒಡೆಯೋದೇ? ಗುಣವಾಗಿ ಬಾ, ಹಬ್ಬ ಮಾಡಿ ಒಡೆಯೋಣ." ಪ್ರೀತಿಯಿಂದಲೇ ಅಂದ, ಪಾಪ. ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಗೆಳೆಯ ಗುಣವಾಗಿ ಬಂದ. ವ್ಯಾಪಾರಿ ಮಾತು ತಪ್ಪಲಿಲ್ಲ. ಮೇಣ ಒಡೆದು ಎರಡು ಲೋಟಕ್ಕೆ ಬಗ್ಗಿಸಿದ. ವಿಸ್ಕಿ ಕೆಟ್ಟಿರಲಿಲ್ಲ. ಭಟ್ಟಿಯವನು ಒಂದು ಗುಟುಕನ್ನು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡ. ಇನ್ನೊಂದು ಗುಟುಕು ಕುಡಿದ. ಆಮೇಲೆ ಲೋಟ ಕೆಳಗಿಟ್ಟು, "ಹೇಗಿದೆಯೋ? ನೀನೇ ಹೇಳು" ಎಂದ.

ವ್ಯಾಪಾರಿ ಲೋಟವನ್ನು ತುಟಿಗಿಟ್ಟ. ಅಷ್ಟು ಬಾಟಲಿ ಕೂಡಿಟ್ಟವನು ಒಂದನ್ನೂ ಒಡೆದು ಕುಡಿದವನಲ್ಲ. "ಚೆನ್ನಾಗಿದೆ" ಎಂದ. ಗೆಳೆಯ ಇನ್ನೂ ಅವನ ಮುಖವನ್ನೇ ನೋಡುತ್ತಿದ್ದ. ರುಚಿ ಹೇಗೆಂದು ಬಣ್ಣಿಸಲು ಬಾರದೆ ವ್ಯಾಪಾರಿ ಅತ್ತುಬಿಟ್ಟ.

ಗುರುಗಳು ಕತೆ ನಿಲ್ಲಿಸಿದರು. "ಆ ವ್ಯಾಪಾರಿ ಕೆಟ್ಟವನಲ್ಲ, ಬುದ್ಧಿ" ಎಂದ ಶಂಭುಲಿಂಗ.

"ನಾನೆಲ್ಲಿ ಹಾಗೆಂದೆ?" ಎಂದರು ಗುರುಗಳು. ಶಿಷ್ಯನ ಮುಖ ನೋಡಿ ಮೆಲ್ಲಗೆ ಕೇಳಿದರು:

"ನಿನ್ನ ಅಕ್ಕನಿಗೆ ಈಗ ಎಷ್ಟು ಕಾಣುತ್ತದೆ?"