ಯಮನೂರ ಸಾಲಿ ಕಾದದ್ದು

ಎಲ್ಲರೂ ಕೂತಿರಾ? ಹಾಗಾದರೆ ಕೇಳಿ. ನಗು ಬಂದರೆ ನಗಿ. ಆದರೆ ಈ ಕತೆಯಲ್ಲಿ ಪೆದ್ದರು ಎಷ್ಟು ಮಂದಿ ಅಂತ ಎಣಿಸುತ್ತಾ ಹೋಗಿ.

ಒಂದೂರಲ್ಲಿ ಹುಲಿಗೆಮ್ಮ ಅಂತ ಒಬ್ಬಳಿದ್ದಳು. ಸರಕಾರಿ ಸಾಲಿಯಲ್ಲಿ ಬಿಸಿಯೂಟ ಬೇಯಿಸುವವಳು. ಅವಳಿಗೆ ಒಬ್ಬನೇ ಮಗ, ಯಮನೂರ. ಮೈ ಎತ್ತಿನಷ್ಟು, ಬುದ್ಧಿ ಚಿಟಿಕೆಯಷ್ಟು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಕೂದಲೆಳೆ ಆಚೆಯಿಲ್ಲ, ಈಚೆಯಿಲ್ಲ.

ಮಗನ ಚಿಂತೆ ಒಂದು ಕಡೆಯಾದರೆ, ಸಾಲಿಯ ನಾಲ್ಕನೇ ತರಗತಿ ಖೋಲಿಯ ಛತ್ತಿನ ಚಿಂತೆ ಇನ್ನೊಂದು ಕಡೆ. ತಲೆಯ ಮೇಲೆ ಈ ಗೋಡೆಯಿಂದ ಆ ಗೋಡೆಗೆ ಬಿರುಕು. ಅದರ ಕೆಳಗೆ ನಲವತ್ತಮೂರು ಮಕ್ಕಳು. ಬೇರೆ ಖೋಲಿ ಇಲ್ಲ. ಒಲೆ ಮುಂದೆ ಕೂತರೂ ಹುಲಿಗೆಮ್ಮನ ಕಿವಿ ಆ ಕಡೆಗೇ. ಪಾತ್ರೆ ಉರುಳಿದರೂ ಎದೆ ಧಸಕ್ ಅನ್ನುವುದು. ಊರಿನವರು ಪಂಚಾಯ್ತಿಗೆ ಆರು ಅರ್ಜಿ ಕೊಟ್ಟರು. ಛತ್ತು ಕೇಳಿದವರಿಗೆ ಪಂಚಾಯ್ತಿ ಏನು ಕೊಟ್ಟಿತು? ಕಾವಲುಗಾರನನ್ನು ಕೊಟ್ಟಿತು! ಮಕ್ಕಳ ಸುರಕ್ಷತೆಯಂತೆ! ಯಾರು? ನಮ್ಮ ಯಮನೂರ!

ಅಧ್ಯಕ್ಷ ಶೇಖರಗೌಡರು ಅವನ ಕೈಗೆ ಕೋಲು ಕೊಟ್ಟು ಹೇಳಿದರು: "ಹೊರಗಿನವರನ್ನ ಒಬ್ಬರನ್ನೂ ಒಳಗ ಬಿಡಬ್ಯಾಡ!"

"ಆತ್ರಿ ಗೌಡ್ರ!"

ಮರುದಿನ ತಾಲೂಕಿನ ಬಸ್ಸಿಳಿದು ಮಾಸ್ತರುಗಳು ಬಂದರು. ಯಮನೂರ ಕೋಲು ಅಡ್ಡ ಹಿಡಿದ.

"ನೀವು ಈ ಊರಾವರೇನ್ರಿ?"

"ಅಲ್ಲಪಾ, ನಾವು ಮಾಸ್ತರು!"

"ಊರಾವರಲ್ಲಂದ್ರ ಹೊರಗಿನವರು. ನಿಂದರ್ರಿ ಅಲ್ಲೇ!"

ಮಧ್ಯಾಹ್ನದ ತನಕ ಮಾಸ್ತರರು ಬಿಸಿಲಲ್ಲಿ, ಮಕ್ಕಳು ಅಂಗಳದಲ್ಲಿ. ಹುಲಿಗೆಮ್ಮ ಸೌಟು ಹಿಡಿದೇ ಓಡಿಬಂದಳು. "ಏ ಮಬ್ಬ! ಚೀಲ ಹಿಡಕೊಂಡು ಬಂದಾವರು ಕೆಲಸಕ್ಕ ಬಂದಾವರು. ಕೈ ಮುಗಿದು ಒಳಗ ಬಿಡಬೇಕು!"

"ಆತು ಬಿಡಬೇ ಯವ್ವಾ!"

ಮರುದಿನ ಗೋಣಿಚೀಲ ಹಿಡಿದು ಗುಜರಿಯವನು ಬಂದ. ಚೀಲ ಕಂಡದ್ದೇ ತಡ, ಯಮನೂರ ಕೈ ಮುಗಿದ. ಗುಜರಿಯವನು ಊಟದ ತಾಟುಗಳನ್ನೆಲ್ಲ ತುಂಬಿಕೊಂಡ. ಯಮನೂರನೇ ಚೀಲ ಎತ್ತಿ ಅವನ ತಲೆಗೆ ಹೊರಿಸಿದ. ಕೈ ಮುಗಿದು ಕಳಿಸಿಯೂ ಕೊಟ್ಟ! ಅಂದು ಮಕ್ಕಳು ಬೊಗಸೆಯಲ್ಲಿ ಅನ್ನ ಉಂಡರು.

ಊರಿನವರು ಪಂಚಾಯ್ತಿ ಮುಂದೆ ನಿಂತು ಕೂಗಾಡಿದರು. ಗೌಡರಿಗೆ ಸಿಟ್ಟು ಬಂತು. ತಾಟು ಹೋದದ್ದಕ್ಕಲ್ಲ, ಕೂಗಿದ್ದಕ್ಕೆ!

"ಸಾಲಿ ಅಂದ್ರ ಸಭ್ಯತಾ ಇರಬೇಕು! ಚೀರಾಟ ನಡೆಯಂಗಿಲ್ಲ! ಏನ ಕಂಡರೂ ಸುಮ್ಮನ ಚೀಟಿ ಬರದು ಈ ದೂರು ಪೆಟ್ಟಿಗ್ಯಾಗ ಹಾಕ್ರಿ. ಪಂಚಾಯ್ತಿ ತಿಂಗಳಿಗೊಮ್ಮೆ ತಗದು ನೋಡತೈತಿ. ತಿಳೀತೇನೋ ಯಮನೂರ?"

"ತಿಳೀತ್ರಿ ಗೌಡ್ರ!"

ಹಸಿರು ಬಣ್ಣದ ಪೆಟ್ಟಿಗೆಯನ್ನು ಸಾಲಿಯ ಗೋಡೆಗೆ ಬಡಿದರು. ಬೀಗ ಹಾಕಿದರು. ಫೋಟೋ ತೆಗೆಸಿಕೊಂಡರು.

ಅದಾದ ಮೂರನೇ ದಿನ ಯಮನೂರ ಆ ಖೋಲಿಯ ಕಿಟಕಿಯಲ್ಲಿ ಇಣುಕಿದ. ಛತ್ತಿನಿಂದ ಮಣ್ಣು ಉದುರುತ್ತಿತ್ತು. ಮಕ್ಕಳು ಬೋರ್ಡು ನೋಡಿ ಬರೆಯುತ್ತಿದ್ದರು, ಮಾಸ್ತರರು ಬೋರ್ಡಿನ ಕಡೆ ಮುಖ ಮಾಡಿದ್ದರು. ಯಮನೂರ ಚೀರಿದನೇ? ಇಲ್ಲ! ಸಭ್ಯತೆಯಿಂದ ಕಟ್ಟೆಯ ಮೇಲೆ ಕೂತ. ಚೀಟಿ ತೆಗೆದ. ಪೆನ್ಸಿಲ್ ನಾಲಿಗೆಗೆ ಒತ್ತಿ ಬರೆಯತೊಡಗಿದ: "ಮಾನ್ಯರೇ, ಛತ್ತು..."

ಹುಲಿಗೆಮ್ಮ ನೀರು ತರಲು ಬಂದವಳು ಮಗನನ್ನು ಕಂಡಳು. "ಏನ ಬರಿಯಾಕ್ಹತ್ತೀಯೋ?"

"ಛತ್ತು ಬೀಳಾಕ್ಹತ್ತೇತಿ ಅಂತಬೇ. 'ಬೀಳಾಕ' ಅನ್ನಾಕ ಯಾವ ಳ ಬರೀಲಿ?"

ಕೊಡ ಅಲ್ಲೇ ಬಿತ್ತು. "ಹೊರಗ ಬರ್ರೋ! ಓಡ್ರೋ!" ಅಂತ ಚೀರುತ್ತಾ ಖೋಲಿಗೆ ನುಗ್ಗಿದಳು. ಮಾಸ್ತರರೂ ಅವಳೂ ಮಕ್ಕಳನ್ನು ತಳ್ಳಿ, ಎಳೆದು, ಹೊತ್ತು ಹೊರಗೆ ಹಾಕಿದರು. ಕಡೆಯ ಹುಡುಗಿ ಹೊಸ್ತಿಲು ದಾಟಿದಳು. ಹಿಂದೆ ಚಪ್ಪಡಿಯಷ್ಟು ದಪ್ಪನೆಯ ಛತ್ತಿನ ಗಿಲಾವು ಧಡ್ ಅಂತ ಬಿತ್ತು! ಅವಳು ಒಳಗೆ ಬಿಟ್ಟುಬಂದ ಪಾಟೀಚೀಲದ ಮೇಲೇ ಬಿತ್ತು.

ಹುಲಿಗೆಮ್ಮ ಮಕ್ಕಳನ್ನು ಎಣಿಸಿದಳು. ನಲವತ್ತಮೂರು. ಮತ್ತೆ ಎಣಿಸಿದಳು. ಆಮೇಲೆ ಮಗನ ಬೆನ್ನಿಗೆ ಗುದ್ದಿದಳು.

"ಇಂಥಾ ಹೊತ್ತಿನ್ಯಾಗ ಬರಿಯೋದಲ್ಲೋ! ಎಲ್ಲಿ ಛತ್ತು ಗಟ್ಟಿ ಐತಿ ಅಲ್ಲಿಗೆ ಮಕ್ಕಳನ್ನ ಕರಕೊಂಡು ಹೋಗಬೇಕು! ಯಾರನ್ನೂ ಕೇಳಬಾರದು!"

"ಆತಬೇ!"

ಊರಲ್ಲಿ ಗಟ್ಟಿ ಛತ್ತು ಯಾರದು? ನೀವೇ ಹೇಳಿ! ಯಮನೂರ ನಲವತ್ತಮೂರು ಮಕ್ಕಳನ್ನು ಸಾಲು ಮಾಡಿ ನಡೆಸಿದ. ನೆಟ್ಟಗೆ ಪಂಚಾಯ್ತಿ ಸಭಾಭವನಕ್ಕೆ! ಒಳಗೆ ಸಭೆ ನಡೆದಿತ್ತು. ಮಕ್ಕಳು ಕುರ್ಚಿಗಳ ಸಂದಿಯಲ್ಲಿ ಕೂತರು, ಮೇಜಿನ ಕೆಳಗೆ ಕೂತರು. ಸದಸ್ಯರ ಮುಂದಿದ್ದ ಗಿರ್ಮಿಟ್ಟು ಮಿರ್ಚಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಖಾಲಿ!

ಗೌಡರು ಮೇಜು ಗುದ್ದಿದರು. "ಲೇ ಯಮನೂರ! ಸಭಾ ಅಂದ್ರ ಏನಂತ ತಿಳದೀ? ಸಭಾ ನಡದಾಗ ಹೊರಗಿನ ಚಿಲಕಾ ಹಾಕಿ ಬಾಗಲಾ ಕಾಯಬೇಕು! ಸಭಾ ಮುಗಿಯೋ ತನಕ ಹೊರಗಿನವರು ಒಳಗ ಬರಬಾರದು, ಒಳಗಿನವರು ಹೊರಗ ಹೋಗಬಾರದು! ನೆನಪಿಟ್ಕೋ!"

"ಇಟ್ಕೊಂಡ್ನಿರಿ ಗೌಡ್ರ!"

ಅಷ್ಟರಲ್ಲಿ ಹುಲಿಗೆಮ್ಮ ಏದುಸಿರು ಬಿಡುತ್ತಾ ಬಂದಳು, ಹಿಂದೆ ಮಕ್ಕಳ ತಾಯಂದಿರೆಲ್ಲ ಬಂದರು. "ಗೌಡ್ರ, ಅವಗ ಬುದ್ಧಿಯಿಲ್ಲ, ಒಪ್ಪಿದ್ವಿ. ನಿಮಗ ಕಣ್ಣದಾವಲ್ಲ? ಒಮ್ಮೆ ಬಂದು ನೋಡ್ರಿ!" ತಾಯಂದಿರು ಬಾಗಿಲು ಬಿಟ್ಟು ಕದಲಲಿಲ್ಲ. ಹನ್ನೊಂದು ಮಂದಿ ಸದಸ್ಯರೂ ಗೌಡರ ಹಿಂದೆ ಸಾಲಿಗೆ ಹೊರಡಲೇಬೇಕಾಯಿತು.

ಖೋಲಿಯ ಒಳಗೆ ಸದಸ್ಯರ ನಡುವೆ ನಿಂತು ಗೌಡರು ಬಿದ್ದ ಗಿಲಾವನ್ನು ಚಪ್ಪಲಿಯಿಂದ ಸರಿಸಿದರು. "ಇಷ್ಟಽ ಏನು? ಇದಕ್ಕ ಇಷ್ಟು ಗದ್ದಲಾ? ಮುಂದಿನ ತಿಂಗಳು ನೋಡೂಣಂತ."

"ಯಾಕ್ರಿ, ಎಲ್ಲಾರೂ ಕೂಡೀವಿ, ಇಲ್ಲೇ ಸಭಾ ಮುಗಿಸಿಬಿಡೂಣ್ರಿ," ಅಂದ ಒಬ್ಬ ಸದಸ್ಯ.

ಸಭಾ! ಬಾಗಿಲಾಚೆ ನಿಂತಿದ್ದ ಯಮನೂರನ ಕಿವಿ ನೆಟ್ಟಗಾದವು. ಸರಕ್ಕನೆ ಬಾಗಿಲು ಎಳೆದ. ಹೊರಗಿನ ಚಿಲಕ ಹಾಕಿದ. ಬೆನ್ನು ಕೊಟ್ಟು ನಿಂತ.

ಒಳಗೆ ಮೇಲಿಂದ ಏನೋ ಲಟಕ್ಕೆಂದಿತು.

"ತಗಿಯೋ! ತಗಿಯಲೇ!"

ಹುಲಿಗೆಮ್ಮನ ಜೀವ ಬಾಯಿಗೆ ಬಂತು. "ಯಪ್ಪಾ, ತಗಿಯೋ, ನಿನ್ನ ಕಾಲಿಗೆ ಬೀಳತೀನಿ!" ಅವನ ತೋಳು ಹಿಡಿದು ಜಗ್ಗಿದಳು. ಎತ್ತಿನಂಥ ಮೈ, ಕದಲೀತೇ? ಒಳಗೆ ಹನ್ನೆರಡು ಜನ ಬಾಗಿಲು ಬಡಿಯುತ್ತಾ ಒಂದೇ ಕೊರಳಲ್ಲಿ ಕೂಗುತ್ತಿದ್ದರು: "ಛತ್ತು! ಛತ್ತು! ಛತ್ತು!"

ಯಮನೂರ ತಾಯಿಯ ಕಡೆ ತಿರುಗಿ ಹಲ್ಲು ಕಿರಿದ.

"ಯವ್ವಾ, ಇವತ್ತ ಸಭಾ ಭಾಳ ಜೋರ ನಡದೈತಬೇ!"